ಕಂಪ್ಯೂಟರ್ ಕೊಠಡಿಯಲ್ಲಿ ನಿಂತುಹೋದ ವಿಡಿಯೊ

ಕೋಲಾರ ಜಿಲ್ಲೆಯ ಇತಿಹಾಸ ಬರೆಯುವವರು 1902ನೇ ಇಸವಿಯನ್ನು ಮರೆಯುವುದಿಲ್ಲ. ಶಿವನಸಮುದ್ರದಲ್ಲಿ ಉತ್ಪಾದನೆಯಾದ ವಿದ್ಯುತ್ ಆ ವರ್ಷ ಸುಮಾರು 90 ಮೈಲಿ ದೂರ ಹರಿದು ನಮ್ಮ ಚಿನ್ನದ ಗಣಿಗಳನ್ನು ತಲುಪಿತು. ಆದರೆ ಸುತ್ತಲಿನ ಹಳ್ಳಿಗಳ ಮನೆಗಳಲ್ಲಿ ಅದಾದ ಮೇಲೂ ಬಹುಕಾಲ ಎಣ್ಣೆಯ ದೀಪವೇ ಉರಿಯಿತು. ಸೌಲಭ್ಯ ಊರ ಹತ್ತಿರಕ್ಕೆ ಬರುವುದು ಬೇರೆ, ಊರಿನವರ ಕೈಗೆ ಸಿಗುವುದು ಬೇರೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಬಂದ ಕಥೆಯಲ್ಲೂ ಇದೇ ಅಂತರವಿದೆ. ಅದನ್ನು ಒಂದು ಸಣ್ಣ ತೊಂದರೆಯ ಮೂಲಕ ಇಲ್ಲಿ ನೋಡೋಣ: ಲಿನಕ್ಸ್ ಇದ್ದ ಕಂಪ್ಯೂಟರಿನಲ್ಲಿ ಪಾಠದ ವಿಡಿಯೊ ಸರಿಯಾಗಿ ಓಡದಿದ್ದುದು.

ರಾಜ್ಯದ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಶಿಕ್ಷಣ ದೊಡ್ಡ ಪ್ರಮಾಣದಲ್ಲಿ ಬಂದದ್ದು 2001ರ ಸುಮಾರಿಗೆ, ‘ಮಾಹಿತಿ ಸಿಂಧು’ ಯೋಜನೆಯಿಂದ. 2004ರಲ್ಲಿ ಕೇಂದ್ರ ಸರ್ಕಾರದ ಐಸಿಟಿ ಯೋಜನೆ ಆರಂಭವಾಯಿತು. 2011ರಿಂದೀಚೆಗೆ ಡಿ.ಎಸ್.ಇ.ಆರ್.ಟಿ. ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ನಡೆಸಿದ ‘ವಿಷಯ ಶಿಕ್ಷಕರ ವೇದಿಕೆ’ಯ ತರಬೇತಿಗಳಲ್ಲಿ ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಶಿಕ್ಷಕರು ಉಬುಂಟು ಲಿನಕ್ಸ್ ಕಲಿತರು.

ಲಿನಕ್ಸ್ ಎಂಬುದು ಲಿನಸ್ ಟೊರ್ವಾಲ್ಡ್ಸ್ ಎಂಬ ಫಿನ್‌ಲೆಂಡಿನ ವಿದ್ಯಾರ್ಥಿ 1991ರಲ್ಲಿ ಬರೆಯಲಾರಂಭಿಸಿ ಎಲ್ಲರಿಗೂ ಬಿಟ್ಟುಕೊಟ್ಟ ತಂತ್ರಾಂಶ. ಅದರ ಮೇಲೆ ಕಟ್ಟಿದ ಉಬುಂಟು 2004ರಲ್ಲಿ ಹೊರಬಂತು. 2011ರವರೆಗೂ ಅದರ ಸಿ.ಡಿ.ಗಳನ್ನು ಕೇಳಿದವರಿಗೆ ಅಂಚೆಯಲ್ಲಿ ಉಚಿತವಾಗಿ ಕಳುಹಿಸುತ್ತಿದ್ದರು. ಇದಕ್ಕೆ ಪರವಾನಗಿ ಶುಲ್ಕವಿಲ್ಲ. ಒಬ್ಬ ಶಿಕ್ಷಕರಿಂದ ಇನ್ನೊಬ್ಬರು ಪ್ರತಿ ಮಾಡಿಕೊಳ್ಳಬಹುದು, ಅದು ಕಾನೂನಿಗೆ ವಿರುದ್ಧವಲ್ಲ. ಜಿಯೋಜೀಬ್ರಾದಲ್ಲಿ ತ್ರಿಭುಜ ಎಳೆದು ತೋರಿಸಲು, ಕನ್ನಡದಲ್ಲಿ ಬೆರಳಚ್ಚು ಮಾಡಲು, ಪ್ರಶ್ನೆಪತ್ರಿಕೆ ಸಿದ್ಧಪಡಿಸಲು ಸಾಧಾರಣ ಯಂತ್ರವೂ ಸಾಕಾಗುತ್ತಿತ್ತು.

ತೊಡಕು ಎದುರಾದದ್ದು ವಿಡಿಯೊದಲ್ಲಿ. ಅದಕ್ಕೆ ಮೂರು ಕಾರಣಗಳಿದ್ದವು.

ಮೊದಲನೆಯದು ಪೇಟೆಂಟ್. ಹಾಡು ಮತ್ತು ವಿಡಿಯೊಗಳನ್ನು ಕುಗ್ಗಿಸಿ ಕಡತವಾಗಿಸುವ ವಿಧಾನಗಳ ಮೇಲೆ ಕಂಪನಿಗಳ ಹಕ್ಕಿತ್ತು. ಎಂಪಿ3 ಪೇಟೆಂಟುಗಳ ಅವಧಿ ಮುಗಿದದ್ದೇ 2017ರಲ್ಲಿ. ಹಾಗಾಗಿ ಹೊಸದಾಗಿ ಹಾಕಿದ ಉಬುಂಟು ಎಂಪಿ3, ಎಂಪಿ4 ಕಡತಗಳನ್ನು ತೆರೆಯುತ್ತಿರಲಿಲ್ಲ. ಬೇಕಾದ ಭಾಗವನ್ನು ಅಂತರ್ಜಾಲದಿಂದ ಇಳಿಸಿಕೊಳ್ಳಬೇಕಿತ್ತು. ಸಂಪರ್ಕವೇ ಇಲ್ಲದ ಶಾಲೆಗೆ ಇದು ಬಾವಿಯಿದ್ದೂ ಹಗ್ಗವಿಲ್ಲದ ಸ್ಥಿತಿ. ಫ್ರಾನ್ಸಿನ ವಿದ್ಯಾರ್ಥಿಗಳು ಆರಂಭಿಸಿ 2001ರಲ್ಲಿ ಮುಕ್ತ ತಂತ್ರಾಂಶವಾದ ವಿಎಲ್‌ಸಿ ಈ ಕೊರತೆಯನ್ನು ಬಹುಮಟ್ಟಿಗೆ ನೀಗಿಸಿತು.

ಎರಡನೆಯದು ಫ್ಲ್ಯಾಶ್. 2005ರಲ್ಲಿ ಆರಂಭವಾದ ಯೂಟ್ಯೂಬ್ ಮೊದಲ ವರ್ಷಗಳಲ್ಲಿ ಅಡೋಬಿ ಕಂಪನಿಯ ಫ್ಲ್ಯಾಶ್ ಇಲ್ಲದೆ ಓಡುತ್ತಿರಲಿಲ್ಲ. 2012ರಲ್ಲಿ ಆ ಕಂಪನಿ, ಲಿನಕ್ಸಿನ ಫೈರ್‌ಫಾಕ್ಸ್‌ಗೆ ಹೊಸ ಆವೃತ್ತಿ ಕೊಡುವುದಿಲ್ಲ, ಭದ್ರತೆಯ ತಿದ್ದುಪಡಿಗಳನ್ನು ಮಾತ್ರ ಕೊಡುತ್ತೇವೆ ಎಂದಿತು. 2015ರ ಜನವರಿಯಲ್ಲಿ ಯೂಟ್ಯೂಬ್ ಎಚ್‌ಟಿಎಂಎಲ್5 ವಿಧಾನವನ್ನೇ ಮುಖ್ಯವಾಗಿಸಿದ ಮೇಲೆ ಈ ಅಡ್ಡಿ ಸಡಿಲವಾಯಿತು.

ಮೂರನೆಯದು ಯಂತ್ರದ ಒಳಗಿನದು. ವಿಡಿಯೊ ಬಿಡಿಸುವ ಕೆಲಸಕ್ಕೆಂದೇ ಗ್ರಾಫಿಕ್ಸ್ ಚಿಪ್‌ನಲ್ಲಿ ಪ್ರತ್ಯೇಕ ಭಾಗವಿರುತ್ತದೆ. ಲಿನಕ್ಸಿನಲ್ಲಿ ಅದಕ್ಕೆ ದಾರಿ ಇದ್ದರೂ ಬ್ರೌಸರುಗಳು ಬಹುಕಾಲ ಅದನ್ನು ಬಳಸದೆ, ಇಡೀ ಭಾರವನ್ನು ಮುಖ್ಯ ಪ್ರೊಸೆಸರ್ ಮೇಲೆ ಹಾಕಿದವು. ಕೊಟ್ಟಿಗೆಯಲ್ಲಿ ಎತ್ತು ಕಟ್ಟಿಹಾಕಿ ರೈತನೇ ನೇಗಿಲು ಎಳೆದಂತೆ. ಫ್ಯಾನ್ ಜೋರಾಗಿ ತಿರುಗುತ್ತದೆ, ಮಾತು ಮುಂದೆ ಹೋಗುತ್ತದೆ, ಚಿತ್ರ ಹಿಂದೆ ಉಳಿಯುತ್ತದೆ. ಲಿನಕ್ಸಿನ ಫೈರ್‌ಫಾಕ್ಸ್ ಇಂಟೆಲ್ ಗ್ರಾಫಿಕ್ಸ್‌ಗೆ ಈ ಸೌಲಭ್ಯವನ್ನು ತಾನಾಗಿಯೇ ಒದಗಿಸಿದ್ದು 2023ರಲ್ಲಿ, 115ನೇ ಆವೃತ್ತಿಯಲ್ಲಿ. ಅಷ್ಟರೊಳಗೆ ಯೂಟ್ಯೂಬ್ ಬಳಸುವ ವಿಧಾನಗಳೂ ಬದಲಾಗಿ, ಹಳೆಯ ಚಿಪ್‌ಗಳಿಗೆ ಅವು ಅರ್ಥವಾಗದಂತಾಗಿದ್ದವು. 32 ಬಿಟ್ ಯಂತ್ರಗಳ ಪಾಡು ಇನ್ನೂ ಕಷ್ಟ. ಗೂಗಲ್ ಕ್ರೋಮ್ 2016ರ ಮಾರ್ಚ್‌ನಲ್ಲಿ 32 ಬಿಟ್ ಲಿನಕ್ಸನ್ನು ಕೈಬಿಟ್ಟಿತು. 2017ರ ಅಕ್ಟೋಬರಿನಲ್ಲಿ ಬಂದ ಉಬುಂಟುವಿನಲ್ಲಿ ಅಂಥ ಯಂತ್ರಗಳಿಗೆ ಡೆಸ್ಕ್‌ಟಾಪ್ ಪ್ರತಿಯೇ ಇರಲಿಲ್ಲ.

ಇದೆಲ್ಲ ತಂತ್ರಜ್ಞರ ಗೊಡವೆ ಎಂದು ಬಿಡುವಂತಿರಲಿಲ್ಲ ಎಂಬುದು 2020ರಲ್ಲಿ ತಿಳಿಯಿತು. ಕೊರೊನಾದಿಂದ ಶಾಲೆಗಳು ಮುಚ್ಚಿದ್ದಾಗ, ಜುಲೈನಲ್ಲಿ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಆರಂಭವಾದವು. ಅವು ಯೂಟ್ಯೂಬಿನಲ್ಲೂ ದೊರೆತವು. ಪಾಠವೇ ವಿಡಿಯೊ ಆದ ಕಾಲದಲ್ಲಿ, ವಿಡಿಯೊ ಓಡದ ಕಂಪ್ಯೂಟರ್ ‘ಕೆಟ್ಟಿದೆ’ ಎನ್ನಿಸಿಕೊಳ್ಳುತ್ತದೆ. ನಿಜವಾಗಿ ಅದು ಕೆಟ್ಟಿರುವುದಿಲ್ಲ. ಅದರ ಆಯುಸ್ಸು ಮುಗಿಯಿತೆಂದು ತೀರ್ಮಾನಿಸಿದವರು ಸಾವಿರಾರು ಮೈಲಿ ದೂರದಲ್ಲಿದ್ದಾರೆ, ಅಷ್ಟೇ.

ನ್ಯಾಯವಾಗಿ ಹೇಳುವುದಾದರೆ ಈ ತಪ್ಪು ಲಿನಕ್ಸಿನದೊಂದೇ ಅಲ್ಲ. ಮೈಕ್ರೋಸಾಫ್ಟ್ ಕೂಡ 2014ರ ಏಪ್ರಿಲ್‌ನಲ್ಲಿ ವಿಂಡೋಸ್ ಎಕ್ಸ್‌ಪಿಯನ್ನು ಕೈಬಿಟ್ಟಿತು. ಹಾಗೆ ಅನಾಥವಾದ ಎಷ್ಟೋ ಯಂತ್ರಗಳಿಗೆ ಮತ್ತೆ ಕೆಲವು ವರ್ಷ ಜೀವ ಕೊಡಬಲ್ಲದ್ದು ಲಿನಕ್ಸೇ ಆಗಿತ್ತು. ವಿಡಿಯೊ ತೊಂದರೆಗೂ ಸರಳ ಉಪಾಯಗಳಿದ್ದವು. ಪಾಠವನ್ನು ಕಡಿಮೆ ಗಾತ್ರದ ಕಡತವಾಗಿ ಪೆನ್‌ಡ್ರೈವಿನಲ್ಲಿ ತಂದು ವಿಎಲ್‌ಸಿಯಲ್ಲಿ ಹಾಕಿದರೆ, ಬ್ರೌಸರಿನಲ್ಲಿ ಮುಗ್ಗರಿಸುವ ಯಂತ್ರವೂ ಅದನ್ನು ಓಡಿಸಬಲ್ಲದು. ಇಂಥ ಉಪಾಯ ತಿಳಿದ ಒಬ್ಬ ಶಿಕ್ಷಕರಿದ್ದರೆ ಕಂಪ್ಯೂಟರ್ ಕೊಠಡಿಯ ಬಾಗಿಲು ತೆರೆದಿರುತ್ತದೆ. ಅವರು ವರ್ಗವಾಗಿ ಹೋದರೆ ಬೀಗ ಬೀಳುತ್ತದೆ. ಯಂತ್ರಕ್ಕಿಂತ ಆ ತಿಳಿವಳಿಕೆಯೇ ಶಾಲೆಯ ನಿಜವಾದ ಆಸ್ತಿ.

ಸುವರ್ಣ ಮಹೋತ್ಸವದ ಈ ಸಂದರ್ಭದಲ್ಲಿ ಶಾಲೆಗೆ ಕಂಪ್ಯೂಟರ್ ಕೊಡಬೇಕೆಂಬ ಆಸೆ ಅನೇಕ ಹಿರಿಯ ವಿದ್ಯಾರ್ಥಿಗಳಿಗಿರಬಹುದು. ಅವರಲ್ಲಿ ಒಂದು ವಿನಂತಿ. ಕಚೇರಿಯಲ್ಲಿ ಬೇಡವಾದ ಯಂತ್ರವಾದರೂ ಚಿಂತೆಯಿಲ್ಲ, 64 ಬಿಟ್ಟಿನದಾಗಿರಲಿ. ಹಸ್ತಾಂತರಿಸಿ ಭಾವಚಿತ್ರ ತೆಗೆಸಿಕೊಳ್ಳುವ ಮುನ್ನ, ನಮ್ಮ ಶಾಲೆಯ ಸಂಪರ್ಕದಲ್ಲೇ ಹತ್ತು ನಿಮಿಷದ ಒಂದು ಪಾಠವನ್ನು ಅದರಲ್ಲಿ ಓಡಿಸಿ ನೋಡಿ. ಓಡದಿದ್ದರೆ ಏಕೆಂದು ಒಬ್ಬ ಶಿಕ್ಷಕರಿಗೂ ಇಬ್ಬರು ಮಕ್ಕಳಿಗೂ ತಿಳಿಸಿ, ಸರಿಪಡಿಸುವ ಬಗೆ ಕಲಿಸಿ, ಅದನ್ನು ಕನ್ನಡದಲ್ಲಿ ಬರೆದು ಕೊಠಡಿಯ ಗೋಡೆಗೆ ಅಂಟಿಸಿ ಹೋಗಿ. ಆಗ ನಿಮ್ಮ ಕೊಡುಗೆ ಮಕ್ಕಳ ಕೈಗೆ ನಿಜವಾಗಿ ಸಿಕ್ಕಂತಾಗುತ್ತದೆ.