ಮಾಲಕರಿಲ್ಲದ ಹೆಂಗಸರ ಬಾಣಂತನ

ಗದಗ-ಬೆಟಗೇರಿಯ ಕುಣಿಮಗ್ಗದ ಮನೆಗೆ ಹೋಗಿ ಇಲ್ಲಿ ಮಾಲಕರು ಯಾರು ಎಂದು ಕೇಳಿದರೆ ನೆಟ್ಟಗೆ ಉತ್ತರ ಸಿಗುವುದಿಲ್ಲ. ಮಗ್ಗ ಮನೆಯದು. ನೂಲು ಸಾಹುಕಾರರದು, ಇಲ್ಲವೆ ಸೊಸೈಟಿಯದು. ಮಜೂರಿ ಸೀರೆಗೆ ಇಷ್ಟು ಎಂದು. ಗಂಡ ಕುಣಿಯಲ್ಲಿ ಕಾಲು ಇಳಿಬಿಟ್ಟು ಲಾಳಿ ಹೊಡೆಯುತ್ತಾನೆ. ಹೆಂಡತಿ ರಾಟಿಯ ಮುಂದೆ ಕೂತು ಕಂಡಿಕೆ ಸುತ್ತುತ್ತಾಳೆ, ಹಾಸು ಹೂಡುವಾಗ ಎಳೆ ಕೂಡಿಸುತ್ತಾಳೆ, ಅವನು ಪೇಟೆಗೆ ಹೋದ ಹೊತ್ತಿನಲ್ಲಿ ತಾನೇ ಕುಣಿಗಿಳಿದು ನೇಯುತ್ತಾಳೆ. ಲೆಕ್ಕದ ಪುಸ್ತಕದಲ್ಲಿ ಇರುವುದು ಮಾತ್ರ ಒಂದೇ ಹೆಸರು, ಗಂಡನದು. ನಾನು ಇಂಥ ಮನೆಯಲ್ಲಿ ಹುಟ್ಟಿದವಳು. ಮುಂದೆ ಅಂಗನವಾಡಿ ಮೇಲ್ವಿಚಾರಕಿಯಾಗಿ ಗದಗ, ಶಿರಹಟ್ಟಿ, ಮುಂಡರಗಿ ತಾಲೂಕುಗಳಲ್ಲಿ ಬಸುರಿ-ಬಾಣಂತಿಯರ ಅರ್ಜಿ ನೋಡುತ್ತಲೇ ನಿವೃತ್ತಳಾದೆ. ಹೆರಿಗೆ ಸೌಲಭ್ಯದ ಕಾನೂನುಗಳು ಬಂದು ನೂರು ವರ್ಷ ಆಗುತ್ತ ಬಂತು. ಕಂಡಿಕೆ ಸುತ್ತುವ ಹೆಂಗಸಿಗೆ ಅವು ಯಾಕೆ ದಕ್ಕಲಿಲ್ಲ ಎಂದು ನೋಡುತ್ತ ಹೋದರೆ ಪ್ರತಿ ಸಲವೂ ಒಂದೇ ಕಾರಣ ಎದುರಾಗುತ್ತದೆ: ಕಾನೂನು ಮೊದಲು ಹುಡುಕುವುದು ಮಾಲಕನನ್ನು.

ಈ ಸೀಮೆ ಆಗ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿತ್ತು. 1928ರ ಜುಲೈ 28ರಂದು ಮುಂಬಯಿ ವಿಧಾನ ಪರಿಷತ್ತಿನಲ್ಲಿ ಹೆರಿಗೆ ಭತ್ಯೆಯ ಮಸೂದೆ ಚರ್ಚೆಗೆ ಬಂದಾಗ ಡಾ. ಬಿ. ಆರ್. ಅಂಬೇಡ್ಕರ್ ಅದನ್ನು ಬೆಂಬಲಿಸಿ ಮಾತನಾಡಿದರು. ಹೆರಿಗೆಯ ಮುಂಚೆಯೂ ಆಮೇಲೂ ತಾಯಿಗೆ ವಿಶ್ರಾಂತಿ ಸಿಗುವುದರಲ್ಲಿ ದೇಶದ ಹಿತವಿದೆ, ಆದ್ದರಿಂದ ಅದರ ಭಾರವನ್ನು ಬಹುಮಟ್ಟಿಗೆ ಸರಕಾರ ಹೊರುವುದು ನ್ಯಾಯ ಎಂಬುದು ಅವರ ವಾದ. ಮರುವರ್ಷ ಕಾಯಿದೆಯಾಯಿತು. ಭಾರತದಲ್ಲಿ ಈ ಬಗೆಯ ಮೊದಲ ಕಾಯಿದೆ ಅದು. ಕಾರ್ಖಾನೆಯ ಹೆಂಗಸಿಗೆ ಹೆರಿಗೆಗೆ ಮುಂಚೆ ಮೂರು ವಾರ, ನಂತರ ನಾಲ್ಕು ವಾರ, ಹೆಚ್ಚೆಂದರೆ ದಿನಕ್ಕೆ ಎಂಟಾಣೆ. ಒಟ್ಟು 49 ದಿನಕ್ಕೆ 24 ರೂಪಾಯಿ 8 ಆಣೆ. ಅದನ್ನು ಕೊಡಬೇಕಾದವನು ಮಾತ್ರ ಕಾರ್ಖಾನೆಯ ಮಾಲಕ. ಅಂಬೇಡ್ಕರರ ಮಾತಿನ ಮೊದಲರ್ಧ ಕಾನೂನಾಯಿತು, ಎರಡನೆಯರ್ಧ ಹಾಗೇ ಉಳಿಯಿತು. ಆ ಎರಡನೆಯರ್ಧವೂ ಒಪ್ಪಿಗೆಯಾಗಿದ್ದರೆ ಬೆಟಗೇರಿಯ ನೇಕಾರ ಹೆಂಗಸಿಗೂ ಅಂದೇ ಬಾಗಿಲು ತೆರೆಯುತ್ತಿತ್ತು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಕಾರ್ಖಾನೆ ಎಂದರೆ ಗದಗಿನಲ್ಲಿ ಹೆಚ್ಚಾಗಿ ಹತ್ತಿಯ ಜಿನ್ನು. ಜಿನ್ನಿನ ಕೆಲಸ ಸುಗ್ಗಿಯದು, ಅರಳೆ ಮುಗಿದರೆ ಕೂಲಿಯೂ ಮುಗಿಯಿತು. ತಿಂಗಳುಗಟ್ಟಲೆ ಒಂದೇ ಕಡೆ ಬಿಡದೆ ದುಡಿದಿರಬೇಕು ಎಂಬ ಷರತ್ತನ್ನು ಅಲ್ಲಿಯ ಹೆಂಗಸರು ದಾಟುವುದೇ ಕಷ್ಟ. ಇನ್ನು ಶಿರಹಟ್ಟಿ ಸಾಂಗಲಿ ಸಂಸ್ಥಾನದಲ್ಲಿತ್ತು, ಲಕ್ಷ್ಮೇಶ್ವರ ಮೀರಜ ಸಂಸ್ಥಾನದಲ್ಲಿತ್ತು. ಗದಗಿನಿಂದ ಚಕ್ಕಡಿಯಲ್ಲಿ ಒಂದೇ ದಿನದಲ್ಲಿ ಮುಟ್ಟುವ ಊರುಗಳಾದರೂ ಮುಂಬಯಿಯ ಕಾಯಿದೆ ಅಲ್ಲಿ ನಡೆಯುತ್ತಿರಲಿಲ್ಲ. 1948ರಲ್ಲಿ ಸಂಸ್ಥಾನಗಳು ವಿಲೀನವಾಗುವವರೆಗೆ ಒಂದೇ ಮನೆತನದ ಅಕ್ಕತಂಗಿಯರು ಬೇರೆ ಬೇರೆ ಕಾನೂನಿನ ಕೆಳಗೆ ಹಡೆದರು. ಮನೆಯಲ್ಲೇ ದುಡಿಯುವ ಅವರಿಗೆ ಅದರಿಂದ ಯಾವ ವ್ಯತ್ಯಾಸವೂ ಆಗಲಿಲ್ಲ, ಎರಡೂ ಕಡೆ ಅವರ ಪಾಲಿಗೆ ಏನೂ ಇರಲಿಲ್ಲ.

ಹಾಗಾದರೆ ಬಸಿರು-ಬಾಣಂತನದ ಆ ತಿಂಗಳುಗಳನ್ನು ಸಾಗಿಸಿದವರು ಯಾರು? ತವರುಮನೆ. ಐದನೆಯ ತಿಂಗಳಲ್ಲೋ ಏಳರಲ್ಲೋ ಕುಬುಸ ಮಾಡಿ, ಹಸಿರು ಸೀರೆ ಉಡಿಸಿ, ಕೈತುಂಬ ಹಸಿರು ಬಳೆ ಇಡಿಸಿ ಮಗಳನ್ನು ಕರೆತರುತ್ತಿದ್ದರು. ಚೊಚ್ಚಲ ಹೆರಿಗೆ ತವರಿನದೇ ಹೊಣೆ. ಇದನ್ನು ಬರೀ ಸಂಭ್ರಮ ಎಂದು ಬರೆಯುವವರನ್ನು ನಾನು ಒಪ್ಪುವುದಿಲ್ಲ. ಕುಣಿಮಗ್ಗದಲ್ಲಿ ಬಟ್ಟೆ ಸುತ್ತುವ ದಿಂಡು ನೇಯುವವರ ಹೊಟ್ಟೆಗೆ ತಾಗುವಷ್ಟು ಹತ್ತಿರ ಇರುತ್ತದೆ. ಏಳು ತಿಂಗಳ ಬಸುರಿಯನ್ನು ಅಲ್ಲಿಂದ ಎಬ್ಬಿಸಬೇಕಾದರೆ ಗಂಡನ ಮನೆಯವರು ಎದುರಾಡಲಾಗದಂಥ ಒಂದು ಶಾಸ್ತ್ರವೇ ಬೇಕಿತ್ತು. ತವರಿನಲ್ಲಿ ಬಾಣಂತಿಗೆ ಎಣ್ಣೆ-ನೀರು, ಹೊರಸಿನ ಕೆಳಗೆ ಕೆಂಡ, ಅಳವಿಯ ಪಾಯಸ, ಅಂಟಿನುಂಡಿ. ಮೂರು ತಿಂಗಳೋ ಐದು ತಿಂಗಳೋ ಕಳೆದ ಮೇಲೆ ಕೌದಿ, ಕುಲಾಯಿ, ತೊಟ್ಟಿಲ ಸಮೇತ ಕಳಿಸುವುದು.

ಈ ಖರ್ಚು ಒಬ್ಬ ತಂದೆಯ ಕೈಯಲ್ಲಿ ಆಗುವಂಥದ್ದಲ್ಲ. ಅದಕ್ಕೇ ಮುಯ್ಯಿ ಇತ್ತು. ನಮ್ಮವ್ವನ ಮುಯ್ಯಿಯ ವಹಿ ಇನ್ನೂ ನನ್ನ ಹತ್ತಿರ ಇದೆ. ಉದ್ದನೆಯ, ಕೆಂಪು ಅರಿವೆಯ ರಟ್ಟಿನ ಪುಸ್ತಕ. ಅವ್ವನಿಗೆ ಓದು ಬರುತ್ತಿರಲಿಲ್ಲ, ಬರೆದದ್ದು ನಮ್ಮ ಸೋದರಮಾವ. ಎಡಕ್ಕೆ ಬಂದದ್ದು, ಬಲಕ್ಕೆ ಕೊಟ್ಟದ್ದು. ನನ್ನ ಅಕ್ಕನ ಮಗನ ತೊಟ್ಟಿಲ ಪುಟದಲ್ಲಿ ಕೊಬ್ಬರಿ ಒಂದು ಸೇರು, ಅಳವಿ ಅರ್ಧ ಸೇರು, ಒಂದು ಖಣ, ಎರಡು ರೂಪಾಯಿ, ಬೆಲ್ಲದ ಪೆಂಟಿ ಒಂದು ಹೀಗೆ ಓಣಿಯ ಅಷ್ಟೂ ಮನೆಗಳಿವೆ. ತೀರಿಸಿದ ಸಾಲಿನ ಮೇಲೆ ಅಡ್ಡಗೆರೆ. ಮುಂದಿನ ಪುಟಗಳಲ್ಲಿ ಹತ್ತು ವರ್ಷದ ಆಮೇಲೂ ಗೆರೆ ಬಿದ್ದ ಸಾಲುಗಳಿವೆ. ವಂತಿಗೆ ಹಾಕುವುದು, ಸರದಿ ಬಂದಾಗ ಪಡೆಯುವುದು ಇವನ್ನು ನಮ್ಮ ಹೆಂಗಸರಿಗೆ ಯಾವ ಇಲಾಖೆಯೂ ಕಲಿಸಬೇಕಾಗಿರಲಿಲ್ಲ. ಆದರೆ ಮುಯ್ಯಿಯಲ್ಲಿ ಕೊಟ್ಟಷ್ಟೇ ಬರುತ್ತದೆ. ತವರಿಲ್ಲದವಳು, ಓಡಿಹೋಗಿ ಮದುವೆಯಾದವಳು, ಊರು ಬಿಟ್ಟು ದುಡಿಯಲು ಹೋದವಳು ಆ ವಹಿಯಲ್ಲಿ ಇಲ್ಲವೇ ಇಲ್ಲ. ಮೂರನೆಯ, ನಾಲ್ಕನೆಯ ಹೆರಿಗೆಗೆ ತವರೂ ಕರೆಯುತ್ತಿರಲಿಲ್ಲ. ಅಂಥವರು ಹಡೆದ ತಿಂಗಳೊಳಗೆ ರಾಟಿಗೆ ಕೂತದ್ದನ್ನು ನಾನು ನಮ್ಮ ಓಣಿಯಲ್ಲೇ ಕಂಡಿದ್ದೇನೆ. ರಾಟಿಯ ಪಕ್ಕದಲ್ಲಿ ಅರಿವೆಯ ಜೋಳಿಗೆ, ಅದರ ಹಗ್ಗ ಕಾಲ ಹೆಬ್ಬೆರಳಿಗೆ. ಕೈ ಕಂಡಿಕೆ ಸುತ್ತುತ್ತಿತ್ತು, ಕಾಲು ಕೂಸನ್ನು ತೂಗುತ್ತಿತ್ತು.

ಹೆರಿಗೆಗೆ ದವಾಖಾನೆಯ ಆಸರೆಯೇನೋ ಇತ್ತು. 1841ರಲ್ಲೇ ಬೆಟಗೇರಿಗೆ ಬಂದ ಬಾಸೆಲ್ ಮಿಷನ್ನಿನವರು ಮುಂದೆ ಕಟ್ಟಿದ ಆಸ್ಪತ್ರೆಯನ್ನು ಜನ ಇವತ್ತಿಗೂ ಜರ್ಮನ್ ದವಾಖಾನೆ ಎನ್ನುತ್ತಾರೆ. ಹೆರಿಗೆ ಬಿಗಿಯಾದಾಗ ಸೂಲಗಿತ್ತಿಯೇ ಅಲ್ಲಿಗೆ ಕಳಿಸುತ್ತಿದ್ದಳು. ಎಷ್ಟೋ ಜೀವ ಉಳಿದವು. ಆದರೆ ದುಡಿಮೆ ತಪ್ಪಿದ ದಿನಗಳ ಹೊಟ್ಟೆಪಾಡು ದವಾಖಾನೆಯ ಕೈಯಲ್ಲಿರಲಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ 1948ರಲ್ಲಿ ನೌಕರರ ವಿಮೆಯ ಇಎಸ್‌ಐ ಕಾಯಿದೆ, 1961ರಲ್ಲಿ ಹೆರಿಗೆ ಸೌಲಭ್ಯ ಕಾಯಿದೆ ಬಂದವು. ಹನ್ನೆರಡು ವಾರ ಇದ್ದದ್ದು 2017ರಲ್ಲಿ 26 ವಾರವಾಯಿತು. ಸಂತೋಷ. ನೌಕರಿಯಲ್ಲಿದ್ದ ಹೆಂಗಸರಿಗೆ ಅದು ದೊಡ್ಡ ಆಸರೆ. ಆದರೆ ಸ್ವಂತ ದುಡಿಮೆಯವಳು ತಾನೇ ವಂತಿಗೆ ಕಟ್ಟುತ್ತೇನೆಂದರೂ ಇಎಸ್‌ಐಗೆ ಸೇರುವ ದಾರಿ ಇರಲಿಲ್ಲ.

ಮಾಲಕನನ್ನು ಕೇಳದೆ ತಾಯಿಯ ಕೈಗೆ ಹಣ ಕೊಟ್ಟ ಮೊದಲ ರಾಷ್ಟ್ರೀಯ ಯೋಜನೆ 1995ರ ರಾಷ್ಟ್ರೀಯ ಮಾತೃತ್ವ ಸಹಾಯ. ಬಡತನ ರೇಖೆಯ ಕೆಳಗಿನವರಿಗೆ, ಎರಡು ಹೆರಿಗೆಯವರೆಗೆ, 300 ರೂಪಾಯಿ, ಆಮೇಲೆ 500. 2005ರಲ್ಲಿ ಜನನಿ ಸುರಕ್ಷಾ ಬಂತು, ಆಸ್ಪತ್ರೆಯಲ್ಲಿ ಹೆತ್ತರೆ ನಮ್ಮ ಕಡೆ ಹಳ್ಳಿಯವರಿಗೆ 700, ಪೇಟೆಯವರಿಗೆ 600. 2017ರಿಂದ ಪ್ರಧಾನಮಂತ್ರಿ ಮಾತೃವಂದನಾ: ಮೊದಲ ಕೂಸಿಗೆ 5,000 ರೂಪಾಯಿ, ಕಂತಿನಲ್ಲಿ. ದುಡಿಮೆ ತಪ್ಪಿದ್ದಕ್ಕೆ ಭಾಗಶಃ ಪರಿಹಾರ ಎಂದು ಆ ಯೋಜನೆಯ ಕಾಗದದಲ್ಲೇ ಇದೆ. ಕೂಲಿ ಕಳೆದುಕೊಂಡವಳು ಎಂದು ಸರಕಾರ ಕೊನೆಗೂ ಒಪ್ಪಿತಲ್ಲ ಎಂದು ಅದನ್ನು ಓದಿದ ದಿನ ನನಗೆ ನಿಜವಾಗಿ ಖುಷಿಯಾಗಿತ್ತು. ಆದರೆ ನೌಕರಿಯವಳಿಗೆ ಕೊಡುವ 26 ವಾರಕ್ಕೆ ಈ ಹಣ ಹಂಚಿದರೆ ದಿನಕ್ಕೆ 27 ರೂಪಾಯಿ ಚಿಲ್ಲರೆ.

ಗದಗಿನ ಜನಕ್ಕೆ ಇನ್ನೊಂದು ದಾರಿ ಚೆನ್ನಾಗಿ ಗೊತ್ತಿತ್ತು. ನಮ್ಮ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳ್ತನದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿತು, ದೇಶಕ್ಕೇ ಮೊದಲನೆಯದು. ಮುಯ್ಯಿಯನ್ನು ಓಣಿಯಿಂದಾಚೆಗೆ ಬೆಳೆಸಿದ್ದು ಸಹಕಾರ ಎಂದೇ ನಾನು ತಿಳಿದಿದ್ದೇನೆ. ಸಹಕಾರಿ ಸದಸ್ಯರಿಗಾಗಿ ಯಶಸ್ವಿನಿ ಆರೋಗ್ಯ ಯೋಜನೆ 2003ರಲ್ಲಿ ಶುರುವಾದಾಗ ವರ್ಷಕ್ಕೆ 60 ರೂಪಾಯಿ ಕಟ್ಟಲು ನಮ್ಮ ಹಳ್ಳಿಗಳಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ. ಮುಂದೆ ಸಹಜ ಹೆರಿಗೆಯೂ ಅದರಲ್ಲಿ ಸೇರಿತು. 2005ರಲ್ಲಿ ಕೇಂದ್ರದ ಕೈಮಗ್ಗ ನೇಕಾರರ ಆರೋಗ್ಯ ವಿಮೆ ಬಂತು. ವಂತಿಗೆಯ ಸ್ವಲ್ಪ ಪಾಲು ನೇಕಾರರದು, ಉಳಿದದ್ದು ಸರಕಾರದ್ದು. ಮೊದಲ ಎರಡು ಹೆರಿಗೆಗೆ ತಲಾ 2,500 ರೂಪಾಯಿ. ಅದರಲ್ಲಿ ನನಗೆ ಬಹಳ ಮುಖ್ಯವಾಗಿ ಕಂಡದ್ದು ಬೇರೆ: ನೇಯುವವರಷ್ಟೇ ಅಲ್ಲ, ಹಾಸು ಹೂಡುವವರು, ಕಂಡಿಕೆ ಸುತ್ತುವವರು, ಬಣ್ಣ ಹಾಕುವವರೂ ಅದಕ್ಕೆ ಸೇರಬಹುದಿತ್ತು. ರಾಟಿಯ ಮುಂದೆ ಕೂತವಳನ್ನು ಒಂದು ಸರಕಾರಿ ಕಾಗದ ಕೆಲಸಗಾರ್ತಿ ಎಂದು ಎಣಿಸಿತು. ಕೆಲವು ವರ್ಷ ನಡೆದು ಆ ವಿಮೆ ನಿಂತಿತು. ಯಶಸ್ವಿನಿ 2018ರಲ್ಲಿ ನಿಂತು 2022ರಲ್ಲಿ ಮತ್ತೆ ಬಂತು. ಎರಡೂ ಮುಖ್ಯವಾಗಿ ನೋಡಿಕೊಂಡದ್ದು ಚಿಕಿತ್ಸೆಯ ಖರ್ಚನ್ನು. ಮನೆಗೆ ಬಂದ ಮೇಲಿನ ದಿನಗಳು ತವರಿಗೇ ಉಳಿದವು.

ಶಿರಹಟ್ಟಿ, ಮುಂಡರಗಿ ಕಡೆಯ ತಾಂಡಾಗಳ ಕಥೆ ಇನ್ನೂ ಬಿಗಿ. ಅಲ್ಲಿಯ ಹೆಂಗಸರು ಗೋವಾ, ಮಂಗಳೂರು ಎಂದು ಕಟ್ಟಡ ಕೆಲಸಕ್ಕೆ ಹೋಗುತ್ತಾರೆ. ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ಹೆರಿಗೆಗೆ ಒಳ್ಳೆಯ ಸಹಾಯವಿದೆ, ಆದರೆ ವರ್ಷದಲ್ಲಿ 90 ದಿನ ದುಡಿದ ದಾಖಲೆ ಬೇಕು. ಮೂರು ಊರಿನಲ್ಲಿ ಮೂರು ಮೇಸ್ತ್ರಿಯ ಕೈಯಲ್ಲಿ ದುಡಿದವಳಿಗೆ ಆ ಕಾಗದ ಬರೆದುಕೊಡುವವರು ಯಾರು? ಎಂಟು ತಿಂಗಳಾಗಿ ಊರಿಗೆ ಬಂದವಳ ಹತ್ತಿರ ಇದ್ದ, ಬಸುರಿಯರಿಗೆ ಕೊಡುವ 'ತಾಯಿ ಕಾರ್ಡಿ'ನಲ್ಲಿ ಹಿಂದಿನ ತಪಾಸಣೆಯ ಮನೆಗಳೆಲ್ಲ ಖಾಲಿ ಇರುತ್ತಿದ್ದವು. ಖಾಲಿ ಇದ್ದರೆ ಮಾತೃವಂದನಾದ ಕಂತು ತಡೆಯುತ್ತಿತ್ತು. ಆ ಕಾರ್ಡುಗಳನ್ನು ನೋಡುವಾಗ ನನಗೆ ಆಗುತ್ತಿದ್ದ ಸಂಕಟ ಹೇಳತೀರದು.

ಇದಕ್ಕೆಲ್ಲ ದಾರಿ ಇಲ್ಲದೆ ಇಲ್ಲ. ಫಿಲಿಪ್ಪೀನ್ಸ್ ನಮಗಿಂತ ಬಹಳ ಶ್ರೀಮಂತ ದೇಶವೇನಲ್ಲ. ಅಲ್ಲಿ ಮೀನು ಮಾರುವವಳು, ಹೊಲಿಯುವವಳು ತಾನಾಗಿ ಸಾಮಾಜಿಕ ಭದ್ರತಾ ನಿಧಿಗೆ ಸೇರಬಹುದು. ಹೆರಿಗೆಯ ಹಿಂದಿನ ನಿಗದಿತ ಅವಧಿಯಲ್ಲಿ ಮೂರು ತಿಂಗಳ ವಂತಿಗೆ ಕಟ್ಟಿದ್ದರೆ ಸಾಕು, 2019ರ ಕಾನೂನಿನ ಪ್ರಕಾರ 105 ದಿನದ ಹಣ ಅವಳ ಕೈಗೆ ಬರುತ್ತದೆ. ಮಾಲಕ ಬೇಕಿಲ್ಲ.

2020ರ ನಮ್ಮ ಸಾಮಾಜಿಕ ಭದ್ರತಾ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂತು. ಅಸಂಘಟಿತ ಕಾರ್ಮಿಕರಿಗೂ ಇಎಸ್‌ಐ ಮೂಲಕ ಯೋಜನೆ ಮಾಡಲು ಅದರ 45ನೇ ಕಲಮಿನಲ್ಲಿ ಅವಕಾಶವಿದೆ. ಅಂಥ ಯೋಜನೆ ಬರೆಯುವಾಗ ಮೂರು ಮಾತು ಸೇರಬೇಕು. ಸದಸ್ಯತ್ವ ಹೆಂಗಸಿನ ಸ್ವಂತ ಹೆಸರಿನಲ್ಲಿರಲಿ. ಅವಳು ಕಟ್ಟಿದಷ್ಟೇ ಹಣವನ್ನು ಸರಕಾರವೂ ಕಟ್ಟಲಿ, ಅಂಬೇಡ್ಕರ್ 1928ರಲ್ಲಿ ಹೇಳಿದ ಭಾರ ಅದೇ. ಅವಳು ದುಡಿಯುವವಳು ಎಂದು ಬರೆದುಕೊಡುವ ಅಧಿಕಾರ ಊರಿನ ಸಹಕಾರ ಸಂಘಕ್ಕೆ, ಮಹಿಳಾ ಸಂಘಕ್ಕೆ ಸಿಗಲಿ. ಯಾವ ಮನೆಯಲ್ಲಿ ಯಾರು ಕಂಡಿಕೆ ಸುತ್ತುತ್ತಾರೆ ಎಂಬುದು ಬೆಟಗೇರಿಯ ಓಣಿಯಲ್ಲಿ ಎಲ್ಲರಿಗೂ ಗೊತ್ತಿದೆ.