ವಾಲುಕೋನದ ಲೆಕ್ಕ: ಮೋಟಾರ್‌ಸೈಕಲ್ ತಿರುವು ತಂತ್ರ ಬೆಳೆದ ಬಗೆ

ತಿರುವಿನಲ್ಲಿ ಮೋಟಾರ್‌ಸೈಕಲ್ ಎಷ್ಟು ವಾಲಬೇಕೆಂಬುದನ್ನು ಮುಖ್ಯವಾಗಿ ನಿರ್ಧರಿಸುವುದು ಎರಡು ಸಂಗತಿಗಳು: ವೇಗ ಮತ್ತು ತಿರುವಿನ ತ್ರಿಜ್ಯ. ಬೈಕಿನ ತೂಕ ಈ ಲೆಕ್ಕಕ್ಕೆ ಬರುವುದೇ ಇಲ್ಲ. 50 ಮೀಟರ್ ತ್ರಿಜ್ಯದ ತಿರುವನ್ನು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ದಾಟಲು ಸುಮಾರು 30 ಡಿಗ್ರಿ ವಾಲಿದರೆ ಸಾಕು. ಅದೇ ತಿರುವಿಗೆ 80ರಲ್ಲಿ ನುಗ್ಗಿದರೆ 45 ಡಿಗ್ರಿ ಬೇಕಾಗುತ್ತದೆ. 45 ಡಿಗ್ರಿಗೆ ಟೈರಿನ ಮೇಲಿನ ಅಡ್ಡಬಲ ಬೈಕು ಮತ್ತು ಸವಾರನ ಒಟ್ಟು ತೂಕಕ್ಕೆ ಸಮನಾಗುತ್ತದೆ. ಟೈರು ಮತ್ತು ರಸ್ತೆಯ ನಡುವಿನ ಘರ್ಷಣಾಂಕ 1 ಎಂದುಕೊಂಡರೆ, ಅಲ್ಲಿಗೆ ಹಿಡಿತವೆಲ್ಲ ಮುಗಿಯಿತು. ಬ್ರೇಕಿಗೂ ಎಕ್ಸಿಲರೇಟರಿಗೂ ಏನೂ ಉಳಿಯುವುದಿಲ್ಲ.

ಈ ಹಿಡಿತ ಕರಗುವ ಬಗೆಯನ್ನು ಗಮನಿಸಬೇಕು. 20 ಡಿಗ್ರಿ ವಾಲಿದಾಗ ಬ್ರೇಕಿಗೆ ಇನ್ನೂ ಶೇಕಡ 93ರಷ್ಟು ಹಿಡಿತ ಇರುತ್ತದೆ. 30ರಲ್ಲಿ ಶೇಕಡ 82, 40ರಲ್ಲಿ ಶೇಕಡ 54. ಮೊದಲ 30 ಡಿಗ್ರಿಗೆ ಐದನೆಯ ಒಂದು ಭಾಗಕ್ಕಿಂತ ಕಡಿಮೆ ಖರ್ಚು, ಕೊನೆಯ 15 ಡಿಗ್ರಿಗೆ ಉಳಿದದ್ದೆಲ್ಲ ಖರ್ಚು. ಮಳೆಯಲ್ಲಿ ಘರ್ಷಣಾಂಕ 0.5ಕ್ಕೆ ಇಳಿದರೆ 27 ಡಿಗ್ರಿಯ ಹತ್ತಿರವೇ ಗಡಿ ಬಂದುಬಿಡುತ್ತದೆ.

ತಿರುವು ತಂತ್ರದ ಚರಿತ್ರೆಯನ್ನು ಹೆಚ್ಚು ಹೆಚ್ಚು ವಾಲಲು ಕಲಿತವರ ಚರಿತ್ರೆಯೆಂದು ಓದುವುದು ಈಚಿನ ರೂಢಿ. ಡ್ಯಾಶ್‌ಬೋರ್ಡಿನಲ್ಲಿ ವಾಲುಕೋನ ತೋರಿಸುವ ಬೈಕುಗಳು ಬಂದಮೇಲೆ, ಟೈರಿನ ಅಂಚಿನಲ್ಲಿ ಸವೆಯದೆ ಉಳಿದ ಪಟ್ಟಿಯನ್ನು ಅಂಜುಬುರುಕತನದ ಗುರುತೆಂದು ಗೇಲಿ ಮಾಡುವ ವಾಡಿಕೆ ಹಬ್ಬಿದಮೇಲೆ, ಈ ಓದು ಇನ್ನಷ್ಟು ಗಟ್ಟಿಯಾಗಿದೆ. ಆದರೆ ಸವಾರಿಯಲ್ಲಿ ಆದ ದೊಡ್ಡ ಸುಧಾರಣೆಗಳನ್ನು ಒಂದೊಂದಾಗಿ ನೋಡಿದರೆ, ಬಹುತೇಕ ಎಲ್ಲವೂ ಅದೇ ವೇಗಕ್ಕೆ ಕಡಿಮೆ ವಾಲಲು, ಇಲ್ಲವೆ ವಾಲಿಕೊಂಡು ಕಳೆಯುವ ಹೊತ್ತನ್ನು ಕಡಿಮೆ ಮಾಡಲು ಹುಟ್ಟಿದವು.

ಸಿದ್ಧಾಂತ ಮೋಟಾರ್‌ಸೈಕಲ್ಲಿಗಿಂತ ಹಳೆಯದು. 1869ರಲ್ಲೇ ಸ್ಕಾಟ್ಲೆಂಡಿನ ಎಂಜಿನಿಯರ್ ರ‍್ಯಾಂಕಿನ್ ಅಂದಿನ ಬೈಸಿಕಲ್ಲಿನ ಸಮತೋಲದ ಬಗ್ಗೆ ಲೇಖನಮಾಲೆ ಬರೆದು, ಬಲಕ್ಕೆ ತಿರುಗಬೇಕಾದರೆ ಹ್ಯಾಂಡಲನ್ನು ಮೊದಲು ಒಂದಿಷ್ಟು ಎಡಕ್ಕೆ ಒತ್ತಬೇಕೆಂಬುದನ್ನು ವಿವರಿಸಿದ್ದ. 1899ರಲ್ಲಿ ವಿಪಲ್ ಬೈಸಿಕಲ್ಲಿನ ಚಲನೆಯ ಸಮೀಕರಣಗಳನ್ನು ಕೊಟ್ಟ. ಆಮೇಲೆ ಏಳು ದಶಕ ಸವಾರರೂ ಗಣಿತಜ್ಞರೂ ಒಬ್ಬರನ್ನೊಬ್ಬರು ಹೆಚ್ಚು ವಿಚಾರಿಸಿಕೊಳ್ಳಲಿಲ್ಲ. 1971ರಲ್ಲಿ ಇಂಗ್ಲೆಂಡಿನ ರಾಬಿನ್ ಶಾರ್ಪ್ ಮೋಟಾರ್‌ಸೈಕಲ್ಲಿನ ಸ್ಥಿರತೆಯ ಬಗ್ಗೆ ಪ್ರಬಂಧ ಪ್ರಕಟಿಸಿದಾಗಲೇ ಆಧುನಿಕ ಅಧ್ಯಯನ ಶುರುವಾಯಿತೆನ್ನಬೇಕು. ಇಟಲಿಯ ಪಾದುವಾ ವಿಶ್ವವಿದ್ಯಾಲಯದ ವಿಟ್ಟೋರೆ ಕೊಸಾಲ್ಟರ್ ಅವರ ಪಠ್ಯಪುಸ್ತಕ ಅದನ್ನು ವಿದ್ಯಾರ್ಥಿಗಳ ಮಟ್ಟಕ್ಕೆ ತಂದಿತು. ಚಕ್ರದ ಗೈರೊಸ್ಕೋಪ್ ಗುಣವೇ ಬೈಕನ್ನು ನಿಲ್ಲಿಸುತ್ತದೆಂಬ ಜನಪ್ರಿಯ ನಂಬಿಕೆಗೆ 2011ರಲ್ಲಿ ಡಚ್ ಮತ್ತು ಅಮೆರಿಕನ್ ಸಂಶೋಧಕರು, ಆ ಗುಣವನ್ನು ಇಲ್ಲವಾಗಿಸಿಯೂ ತಾನಾಗಿ ನಿಲ್ಲುವ ಬೈಸಿಕಲ್ ಕಟ್ಟಿ ಉತ್ತರ ಕೊಟ್ಟರು. ನಂಬಿಕೆ ಮಾತ್ರ ಇನ್ನೂ ಸತ್ತಿಲ್ಲ.

ರಸ್ತೆಯ ಮೇಲಿನ ಮೊದಲ ಅರ್ಧ ಶತಮಾನವನ್ನು ಬೇಗ ದಾಟಬಹುದು. 1907ರಲ್ಲಿ ಶುರುವಾದ ಐಲ್ ಆಫ್ ಮ್ಯಾನ್ ಟಿಟಿ ರೇಸಿನಿಂದ 1960ರ ದಶಕದ ಮೈಕ್ ಹೈಲ್‌ವುಡ್‌ವರೆಗೆ ಆದರ್ಶ ಸವಾರನ ಭಂಗಿ ಒಂದೇ ಬಗೆಯದು: ಮೊಣಕಾಲು ಟ್ಯಾಂಕಿಗೆ ಒತ್ತಿ, ಮೈಯನ್ನು ಬೈಕಿನ ರೇಖೆಯಲ್ಲೇ ಇಟ್ಟು, ಯಂತ್ರ ವಾಲಿದಷ್ಟೇ ತಾನೂ ವಾಲುವುದು. 1950ರಲ್ಲಿ ಮೆಕ್ಯಾಂಡ್ಲೆಸ್ ಸಹೋದರರು ನಾರ್ಟನ್ ಬೈಕಿಗೆ ಮಾಡಿಕೊಟ್ಟ ಫೆದರ್‌ಬೆಡ್ ಚಾಸಿಸ್ ಮತ್ತು ಅದರ ಮೇಲೆ ಜೆಫ್ ಡ್ಯೂಕ್ ತೋರಿದ ನಯ ಈ ಶೈಲಿಯ ತುತ್ತತುದಿ. ಅಂದಿನ ಮಿತಿ ಬಹಳಮಟ್ಟಿಗೆ ಟೈರಿನ ಮಿತಿ. ಟೈರಿನ ರಬ್ಬರು ಸುಧಾರಿಸಿದಂತೆ ಮಿತಿ ಲೋಹಕ್ಕೆ ಸರಿಯಿತು, ಫುಟ್‌ರೆಸ್ಟು ಮತ್ತು ಸೈಲೆನ್ಸರು ನೆಲ ಕೆರೆಯತೊಡಗಿದವು.

ಆ ಕೆರೆತಕ್ಕೆ ಸಿಕ್ಕ ಉತ್ತರವೇ ಬೈಕಿನಿಂದ ಒಳಗಡೆಗೆ ಜೋತುಬೀಳುವ ಭಂಗಿ. ಹಿಮದ ಮೇಲಿನ ರೇಸುಗಳಲ್ಲಿ ಪಳಗಿದ ಫಿನ್ಲೆಂಡಿನ ಯಾರ್ನೊ ಸಾರಿನೆನ್ ಅದನ್ನು ಡಾಂಬರಿಗೆ ತಂದವರಲ್ಲಿ ಮೊದಲಿಗ. 1972ರ 250 ಸಿಸಿ ವಿಶ್ವ ಚಾಂಪಿಯನ್ ಆದ ಆತ ಮರುವರ್ಷ ಮೇ ತಿಂಗಳಲ್ಲಿ ಮೋಂಜಾದ ಅಪಘಾತದಲ್ಲಿ ರೆಂಜೊ ಪಸೋಲಿನಿಯೊಂದಿಗೆ ತೀರಿಕೊಂಡ. ಆ ಭಂಗಿಯನ್ನು ಒಂದು ಪದ್ಧತಿಯಾಗಿಸಿದ್ದು ಕ್ಯಾಲಿಫೋರ್ನಿಯಾದ ಕೆನ್ನಿ ರಾಬರ್ಟ್ಸ್. ಅಮೆರಿಕದ ಮಣ್ಣಿನ ಟ್ರ್ಯಾಕುಗಳಲ್ಲಿ 1973 ಮತ್ತು 1974ರ ರಾಷ್ಟ್ರೀಯ ಚಾಂಪಿಯನ್ ಆಗಿದ್ದ ರಾಬರ್ಟ್ಸ್ 1978ರಿಂದ ಸತತ ಮೂರು ವರ್ಷ 500 ಸಿಸಿ ವಿಶ್ವ ಪಟ್ಟ ಗೆದ್ದ. ನೆಲಕ್ಕೆ ತಾಗುವ ಮೊಣಕಾಲಿನ ಚಿತ್ರ ಜಗತ್ತಿನ ತುಂಬ ಹರಡಿತು. ಅದರ ಹಿಂದಿನ ಲೆಕ್ಕ ಹರಡಲಿಲ್ಲ. ಸವಾರನ ಮೈ ಒಳಗಡೆಗೆ ಸರಿದಾಗ ಬೈಕು ಮತ್ತು ಸವಾರನ ಒಟ್ಟು ಗುರುತ್ವ ಕೇಂದ್ರವೂ ಒಳಗೆ ಸರಿಯುತ್ತದೆ, ಅಷ್ಟರಮಟ್ಟಿಗೆ ಬೈಕು ನೇರವಾಗಿ ಉಳಿಯುತ್ತದೆ. ಉಳಿತಾಯ ಕೆಲವೇ ಡಿಗ್ರಿಗಳದು, ಆದರೆ ಗಡಿಯ ಹತ್ತಿರ ಅವೇ ಅತಿ ದುಬಾರಿ ಡಿಗ್ರಿಗಳು. ಮೊಣಕಾಲು ಎಷ್ಟು ಉಳಿದಿದೆಯೆಂದು ಹೇಳುವ ಅಳತೆಕೋಲು ಮಾತ್ರ. ಬೈಕನ್ನು ಅಗತ್ಯಕ್ಕಿಂತ ಹೆಚ್ಚು ಕೆಡವಿ ಮೊಣಕಾಲು ಮುಟ್ಟಿಸಿ ಫೋಟೊ ತೆಗೆಸಿಕೊಳ್ಳುವವರು ರಾಬರ್ಟ್ಸ್ ಮಾಡಿದ್ದರ ತದ್ವಿರುದ್ಧ ಮಾಡುತ್ತಿದ್ದಾರೆ.

1980ರ ದಶಕ ಈ ಕ್ಷೇತ್ರದ ಅತಿ ಫಲವತ್ತಾದ ಕಾಲ. 500 ಸಿಸಿ ಟೂ-ಸ್ಟ್ರೋಕ್ ಎಂಜಿನ್‌ಗಳ ಶಕ್ತಿ ಒಮ್ಮೆಲೇ ಸ್ಫೋಟಿಸುವಂಥದು, ಟೈರು ಅದನ್ನು ತಾಳುತ್ತಿರಲಿಲ್ಲ. ಮಣ್ಣಿನ ಟ್ರ್ಯಾಕಿನಿಂದ ಬಂದ ಅಮೆರಿಕನ್ನರು ಈ ತೊಂದರೆಯನ್ನೇ ಸಾಧನ ಮಾಡಿಕೊಂಡರು. ತಿರುವಿನ ನಡುವೆ ಹಿಂದಿನ ಚಕ್ರವನ್ನು ಬೇಕೆಂದೇ ತುಸು ಜಾರಿಸಿ ಬೈಕಿನ ಮೂತಿಯನ್ನು ಒಳಕ್ಕೆ ತಿರುಗಿಸುವುದು, ಕೂಡಲೇ ಬೈಕನ್ನು ಎತ್ತಿ ನೇರ ನಿಲ್ಲಿಸಿ ಟೈರಿನ ಅಗಲ ಭಾಗದ ಮೇಲೆ ಹೊರಡುವುದು. 250 ಸಿಸಿಯವರು ತಿರುವಿನುದ್ದಕ್ಕೂ ವಾಲಿಕೊಂಡು ದುಂಡಗೆ ಸುತ್ತಿದರೆ, ಇವರು ಹೊಕ್ಕು, ಚೂಪಾಗಿ ಮುರಿದು, ಹೊರಬೀಳುತ್ತಿದ್ದರು. ಫ್ರೆಡ್ಡಿ ಸ್ಪೆನ್ಸರ್ 1985ರಲ್ಲಿ 250 ಮತ್ತು 500 ಎರಡೂ ವರ್ಗಗಳ ಪಟ್ಟ ಗೆದ್ದು ಎರಡೂ ರೀತಿ ತನಗೆ ಗೊತ್ತೆಂದು ತೋರಿಸಿದ. ಲಾಸನ್, ರೈನಿ, ಶ್ವಾಂಟ್ಜ್ ಅವರ ಪೈಪೋಟಿ, 1994ರಿಂದ 1998ರವರೆಗೆ ಐದು ಪಟ್ಟ ಗೆದ್ದ ಆಸ್ಟ್ರೇಲಿಯಾದ ಮಿಕ್ ಡೂಹನ್ನನ ಬಿಗಿ ಹಿಡಿತ ಇದೇ ಪರಂಪರೆಯವು. 1992ರ ಅಪಘಾತದಲ್ಲಿ ಬಲಗಾಲು ಜಖಂಗೊಂಡ ಮೇಲೆ ಡೂಹನ್ನನಿಗಾಗಿ ಅಳವಡಿಸಿದ ಹೆಬ್ಬೆರಳ ಹಿಂಬ್ರೇಕು ಇಂದು ಆರೋಗ್ಯವಂತ ರೇಸರುಗಳ ಬೈಕಿನಲ್ಲೂ ಇದೆ. ಬಲಕ್ಕೆ ಪೂರ್ತಿ ವಾಲಿದಾಗ ಪಾದಕ್ಕೆ ಬ್ರೇಕ್ ಪೆಡಲ್ ಎಟುಕುವುದಿಲ್ಲವೆಂಬುದು ಎಲ್ಲರಿಗೂ ಅನ್ವಯಿಸುವ ಮಾತು.

ಇದೇ ಕಾಲದಲ್ಲಿ ತಂತ್ರ ವ್ಯವಸ್ಥಿತ ಪಾಠವಾಯಿತು. ಕೀತ್ ಕೋಡ್ 1980ರಲ್ಲಿ ಕ್ಯಾಲಿಫೋರ್ನಿಯಾ ಸೂಪರ್‌ಬೈಕ್ ಸ್ಕೂಲ್ ಆರಂಭಿಸಿದ. 1983ರ 'ಎ ಟ್ವಿಸ್ಟ್ ಆಫ್ ದ ರಿಸ್ಟ್' ಮತ್ತು 1993ರ ಎರಡನೆಯ ಸಂಪುಟ ಒಂದು ಇಡೀ ಪೀಳಿಗೆಯನ್ನು ಬೆಳೆಸಿದವು. ಅಪಾಯ ಕಂಡೊಡನೆ ಕೈ ಬಿಗಿಯುವುದು, ಎಕ್ಸಿಲರೇಟರ್ ಮುಚ್ಚುವುದು, ಕಣ್ಣು ಒಂದೇ ಕಡೆ ನೆಡುವುದು – ಇವೆಲ್ಲ ಜೀವ ಉಳಿಸಲೆಂದೇ ಹುಟ್ಟಿ ತಿರುವಿನಲ್ಲಿ ಜೀವ ತೆಗೆಯುವ ಪ್ರತಿಕ್ರಿಯೆಗಳೆಂದು ಗುರುತಿಸಿದ್ದು ಕೋಡ್‌ನ ದೊಡ್ಡ ಕೊಡುಗೆ. ವಾಲಿದ ನಂತರ ಎಕ್ಸಿಲರೇಟರನ್ನು ಸಮನಾಗಿ, ತಡೆಯಿಲ್ಲದೆ ಕೊಡುತ್ತ ಹೋದರೆ ತೂಕ ಹಿಂದಿನ ಚಕ್ರಕ್ಕೆ ಸರಿದು, ಸುಮಾರು 40–60ರ ಪ್ರಮಾಣದಲ್ಲಿ ಹಂಚಿಕೊಂಡು ಬೈಕು ನೆಲೆ ನಿಲ್ಲುತ್ತದೆಂಬುದು ಕೋಡ್‌ನ ಸೂತ್ರ. ಮೈಭಾರದಿಂದಲೇ ಬೈಕು ತಿರುಗಿಸಬಹುದೆಂದು ವಾದಿಸುವವರಿಗಾಗಿ ಶಾಲೆಯಲ್ಲಿ ಒಂದು ವಿಶೇಷ ಬೈಕು ಇತ್ತು. ಅದಕ್ಕೆ ಚಾಸಿಸ್ಸಿಗೇ ಬಿಗಿದ ಎರಡನೆಯ ಜೋಡಿ ಹ್ಯಾಂಡಲ್. ಅದನ್ನು ಹಿಡಿದು ಎಷ್ಟೇ ಮೈ ತಿರುಚಿದರೂ ಬೈಕು ಅಂದಾಜಿಲ್ಲದೆ ತುಸು ಅತ್ತಿತ್ತ ಸರಿಯುತ್ತಿತ್ತೇ ಹೊರತು ಬೇಕಾದಲ್ಲಿಗೆ ತಿರುಗುತ್ತಿರಲಿಲ್ಲ. ವಾದ ಅಲ್ಲಿಗೆ ಮುಗಿಯಬೇಕಿತ್ತು.

ಟ್ರೇಲ್ ಬ್ರೇಕಿಂಗ್, ಅಂದರೆ ವಾಲುತ್ತ ಹೋದಂತೆ ಮುಂಬ್ರೇಕನ್ನು ಅಷ್ಟಷ್ಟೇ ಸಡಿಲಿಸುತ್ತ ತಿರುವಿನೊಳಕ್ಕೆ ಒಯ್ಯುವುದು, ಕೋಡ್‌ನ ಪಾಠದಲ್ಲಿ ಮೂಲೆಗೆ ಸರಿಯಿತು. ಸ್ಪೆನ್ಸರ್‌ನ ಶಾಲೆಯಲ್ಲಿ ಕಲಿಸುತ್ತಿದ್ದ ನಿಕ್ ಐನಾಚ್ 2003ರ ಪುಸ್ತಕದಲ್ಲಿ ಅದಕ್ಕೆ ನಡುಮನೆಯ ಸ್ಥಾನ ಕೊಟ್ಟ. ಎರಡೂ ಪಂಗಡದವರು ಇಂದಿಗೂ ಜಗಳವಾಡುತ್ತಾರೆ. ಮೇಲಿನ ಅಂಕಿಗಳನ್ನು ನೋಡಿದರೆ ಜಗಳಕ್ಕೆ ಹೆಚ್ಚು ಹುರುಳಿಲ್ಲ. 30 ಡಿಗ್ರಿಯೊಳಗೆ ಬ್ರೇಕಿಗೆ ಬೇಕಾದಷ್ಟು ಹಿಡಿತ ಉಳಿದಿರುತ್ತದೆ, ವೇಗ ಇಳಿದರೆ ಬೇಕಾಗುವ ವಾಲುವಿಕೆಯೂ ಇಳಿಯುತ್ತದೆ. ಕುರುಡು ತಿರುವಿನಲ್ಲಿ ಐನಾಚ್‌ನ ಕಡೆಯೇ ನ್ಯಾಯ ಹೆಚ್ಚು.

ಅನಂತರದ ಮೂರು ದಶಕಗಳ ಕಥೆ ಮುಖ್ಯವಾಗಿ ಟೈರಿನದು, ಸೆನ್ಸರಿನದು. ಮೋಟೊಜಿಪಿಯಲ್ಲಿ ವಾಲುಕೋನ 60 ಡಿಗ್ರಿ ದಾಟಿತು. 2013ರಲ್ಲಿ 20ನೇ ವಯಸ್ಸಿಗೇ ಚಾಂಪಿಯನ್ ಆದ ಮಾರ್ಕ್ ಮಾರ್ಕೆಸ್ ಮೊಣಕೈಯನ್ನೂ ನೆಲಕ್ಕೆ ತಂದ. ಈ ಅಂಕಿಗಳಲ್ಲಿ ಒಂದಿಷ್ಟು ಟೈರಿನ ಅಗಲದಿಂದ ಬಂದ ಉಬ್ಬರ. ಅಗಲ ಟೈರಿನ ಬೈಕು ವಾಲಿದಾಗ ನೆಲ ಮುಟ್ಟುವ ಜಾಗ ಒಳಗಡೆಗೆ ಜರುಗುವುದರಿಂದ, ಅದೇ ವೇಗಕ್ಕೆ ಇನ್ನೂ ಹೆಚ್ಚು ವಾಲಬೇಕಾಗುತ್ತದೆ. ಗುರುತ್ವ ಕೇಂದ್ರ 60 ಸೆಂಟಿಮೀಟರ್ ಎತ್ತರದಲ್ಲಿದ್ದು ಟೈರಿನ ಅಗಲ 18 ಸೆಂಟಿಮೀಟರ್ ಆದರೆ, 45 ಡಿಗ್ರಿಯ ತಿರುವಿಗೆ ಬೈಕು 52 ಡಿಗ್ರಿ ವಾಲುತ್ತದೆ. ಟೈರು 9 ಸೆಂಟಿಮೀಟರಿನದಾದರೆ 48 ಸಾಕು. ಭಾರತದಲ್ಲಿ 2008ರ ಸುಮಾರಿಗೆ 150 ಸಿಸಿ ಬೈಕುಗಳಿಗೆ 140 ಮಿಲಿಮೀಟರ್ ಹಿಂಟೈರು ತೊಡಿಸುವ ಶೋಕಿ ಬಂದಾಗ ಈ ಲೆಕ್ಕ ಯಾರ ಗಮನಕ್ಕೂ ಬಂದಂತಿಲ್ಲ. ಬಾಷ್ ಕಂಪನಿಯ ವಾಲುವಿಕೆಯನ್ನರಿಯುವ ಎಬಿಎಸ್ 2013ರ ಹೊತ್ತಿಗೆ ಕೆಟಿಎಂ 1190 ಅಡ್ವೆಂಚರಿನಲ್ಲಿ ಬಂತು. ವಾಲಿದಾಗ ಬ್ರೇಕು ಹಿಡಿದರೆ ಬೈಕು ತಾನೇ ಎದ್ದುನಿಂತು ತಿರುವಿನ ಹೊರಕ್ಕೆ ಹೋಗುವ ಹಳೆಯ ಚಾಳಿಯನ್ನು ಅದು ಬಹುಮಟ್ಟಿಗೆ ಹತ್ತಿಕ್ಕಿತು.

ರೇಸಿನ ಈ ಗದ್ದಲದಲ್ಲಿ ರಸ್ತೆಯ ಪಂಥ ಹಿಂದೆ ಸರಿಯಿತು. ಲಾಸ್ ಏಂಜಲೀಸಿನ 900 ಅಪಘಾತಗಳನ್ನು ಸ್ಥಳದಲ್ಲೇ ಪರಿಶೀಲಿಸಿದ 1981ರ ಹರ್ಟ್ ವರದಿ, ಸವಾರ ಒಬ್ಬನೇ ಬಿದ್ದ ಅಪಘಾತಗಳಲ್ಲಿ ಎದ್ದು ಕಂಡ ತಪ್ಪುಗಳು ಎರಡೆಂದು ಹೇಳಿತ್ತು: ಬ್ರೇಕು ಅತಿಯಾಗಿ ಒತ್ತಿ ಜಾರುವುದು, ಮತ್ತು ವೇಗ ಹೆಚ್ಚಾಗಿಯೋ ಸಾಕಷ್ಟು ತಿರುಗಿಸದೆಯೋ ತಿರುವಿನ ಹೊರಕ್ಕೆ ಹೋಗುವುದು. ಮನಶ್ಶಾಸ್ತ್ರಜ್ಞ ಬರ್ನ್ಟ್ ಶ್ಪೀಗಲ್ ಜರ್ಮನಿಯಲ್ಲಿ ಇದರ ಕಾರಣಕ್ಕೆ ಕೈಹಾಕಿದರು. ಕಾಲ ಮೇಲೆ ಓಡುವ ಪ್ರಾಣಿಯಾಗಿ ಮನುಷ್ಯನ ಮೈಗೆ ಸಹಜವಾಗಿ ಒಗ್ಗಿರುವ ವಾಲುವಿಕೆ ಸುಮಾರು 20 ಡಿಗ್ರಿ. ಅದರಾಚೆಗಿನದು ಅಭ್ಯಾಸದಿಂದಷ್ಟೇ ಬರುತ್ತದೆ, ಗಾಬರಿಯಾದಾಗ ಕೈಬಿಡುತ್ತದೆ. ಟೈರಿಗೆ ಇನ್ನೂ 20 ಡಿಗ್ರಿ ಉಳಿದಿದ್ದರೂ ಸವಾರ ಹೊರಗೆ ಹೋಗಿ ಬೀಳುವುದೇಕೆಂಬುದಕ್ಕೆ ಇದಕ್ಕಿಂತ ಒಪ್ಪುವ ವಿವರಣೆ ಇನ್ನೂ ಬಂದಿಲ್ಲ. ಬ್ರಿಟಿಷ್ ಪೊಲೀಸರ 'ರೋಡ್‌ಕ್ರಾಫ್ಟ್' ಪರಂಪರೆ ಇನ್ನೂ ಸರಳ: ರಸ್ತೆಯ ಎರಡೂ ಅಂಚುಗಳು ಕೂಡಿದಂತೆ ಕಾಣುವ ಬಿಂದು ಹತ್ತಿರವಾಗುತ್ತಿದ್ದರೆ ವೇಗ ಇಳಿಸು, ದೂರ ಸರಿಯುತ್ತಿದ್ದರೆ ಏರಿಸು. ಮೊಣಕಾಲಿನಷ್ಟು ಚೆಂದದ ಚಿತ್ರ ಇದಕ್ಕಿಲ್ಲ.

ಭಾರತದಲ್ಲಿ ತಂತ್ರ ಬಂದದ್ದು ತುಂಡುತುಂಡಾಗಿ. ಮದರಾಸಿನ ಬಳಿಯ ಶೋಲಾವರಂ ರೇಸುಗಳು ನಡೆಯುತ್ತಿದ್ದದ್ದು ಎರಡನೆಯ ಮಹಾಯುದ್ಧದ ಕಾಲದ ವಿಮಾನಪಟ್ಟಿಯ ಮೇಲೆ. ತಿರುವುಗಳನ್ನೇ ಕಲಿಸುವ ಸರ್ಕ್ಯೂಟು ಇರುಂಗಾಟ್ಟುಕೋಟ್ಟೈಯಲ್ಲಿ 1990ರಲ್ಲಿ ಸಿದ್ಧವಾಯಿತು. ಅದಕ್ಕೂ ಮೊದಲಿನ ಪೀಳಿಗೆ ಕಲಿತದ್ದು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ, ಯೆಜ್ಡಿಗಳ ಮೇಲೆ, ಆಮೇಲೆ 1983ರಲ್ಲಿ ಬಂದ ರಾಜ್‌ದೂತ್ 350ರ ಮೇಲೆ, ಆಗುಂಬೆಯ 14 ತಿರುವುಗಳಲ್ಲಿ, ಚಾರ್ಮಾಡಿಯಲ್ಲಿ. ರಾಜ್‌ದೂತ್ 350ಕ್ಕೆ ಮೂಲವಾದ ಯಮಾಹಾ ಆರ್‌ಡಿ 350ಯಲ್ಲಿದ್ದ ಮುಂದಿನ ಡಿಸ್ಕ್ ಬ್ರೇಕು ಇಲ್ಲಿನ ಬೈಕಿಗೆ ಡ್ರಮ್ ಆಗಿ ಬಂದಿತ್ತು. ಡ್ರಮ್ ಬ್ರೇಕನ್ನು ನೂಲಿನಷ್ಟು ಸೂಕ್ಷ್ಮವಾಗಿ ಸಡಿಲಿಸುತ್ತ ವಾಲುವುದು ಕಷ್ಟವಾದ್ದರಿಂದ, ಬ್ರೇಕನ್ನು ತಿರುವಿಗೆ ಮೊದಲೇ ಮುಗಿಸುವ ಕಟ್ಟುನಿಟ್ಟು ಆ ಪೀಳಿಗೆಗೆ ತಾನಾಗಿ ಒಲಿಯಿತು. ಕೋಡ್‌ನ ಶಾಲೆ 2010ರ ದಶಕದಲ್ಲಿ ಇರುಂಗಾಟ್ಟುಕೋಟ್ಟೈಗೂ ಬಂತು.

ಟ್ರ್ಯಾಕಿನ ಪುಸ್ತಕಗಳು ಘಾಟಿಗೆ ಹೇಳದೆ ಬಿಡುವ ವಿಷಯಗಳಿವೆ. ಟ್ರ್ಯಾಕಿನಲ್ಲಿ ಎದುರಿನಿಂದ ಬಸ್ಸು ಬರುವುದಿಲ್ಲ. ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿರುವ ತಲೆ, ಬೈಕು 40 ಡಿಗ್ರಿ ವಾಲಿದಾಗ ಚಕ್ರಕ್ಕಿಂತ ಸುಮಾರು ಒಂದು ಮೀಟರ್ ಒಳಗಡೆಗೆ ಇರುತ್ತದೆ. ಎಡಗಡೆ ಸಂಚರಿಸುವ ನಮ್ಮ ರಸ್ತೆಯ ಬಲತಿರುವಿನಲ್ಲಿ ಚಕ್ರ ಗೆರೆಯೊಳಗಿದ್ದರೂ ತಲೆ ಎದುರಿನವರ ಪಾಲಿನ ರಸ್ತೆಯಲ್ಲಿರುತ್ತದೆ. ಮೈ ಜೋತುಬಿಟ್ಟರೆ ಇನ್ನೂ ಆಚೆ. ತಿರುವಿನ ಒಳ ಅಂಚಿನಲ್ಲಿ ಲಾರಿ ಚೆಲ್ಲಿದ ಜಲ್ಲಿ, ಮಳೆಗಾಲದ ಪಾಚಿ, ಡೀಸೆಲ್ಲಿನ ಪಸೆ, ಹಿಂದೆ ಕುಳಿತವರ ತೂಕ – ಇವನ್ನು ಲೆಕ್ಕಕ್ಕೆ ಹಿಡಿದ ತಿರುವು ಪಾಠ ಅಪರೂಪ. ಲೈಸೆನ್ಸಿಗಾಗಿ ಹಾಕಿಸುವ ಎಂಟರ ಆಕಾರದ ಸುತ್ತು ನಡಿಗೆಯ ವೇಗದ್ದು. ಆ ವೇಗದಲ್ಲಿ ಹ್ಯಾಂಡಲ್ ತಿರುಗಿಸಿದತ್ತ ಬೈಕು ತಿರುಗುತ್ತದೆ, ಹೆದ್ದಾರಿಯ ವೇಗದಲ್ಲಿ ಎಡಕ್ಕೆ ಹೋಗಲು ಎಡಗೈ ಹಿಡಿಯನ್ನು ಮುಂದಕ್ಕೆ ಒತ್ತಬೇಕೆಂಬುದನ್ನು ಅದು ಕಲಿಸುವುದೂ ಇಲ್ಲ, ಪರೀಕ್ಷಿಸುವುದೂ ಇಲ್ಲ.

125 ಸಿಸಿಗಿಂತ ದೊಡ್ಡ ಬೈಕುಗಳಿಗೆಲ್ಲ 2019ರ ಏಪ್ರಿಲ್‌ನಿಂದ ಎಬಿಎಸ್ ಕಡ್ಡಾಯವಾಗಿದೆ, ಆದರೆ ವಾಲುಕೋನ ಅರಿಯುವ ಬಗೆ ಇನ್ನೂ ದುಬಾರಿ ಬೈಕುಗಳಲ್ಲೇ ಹೆಚ್ಚು. ಉಳಿದವುಗಳಲ್ಲಿ ಮಿತಿಯನ್ನು ಮೊದಲು ಹೇಳುವುದು ಫುಟ್‌ರೆಸ್ಟು, ಸೈಡ್ ಸ್ಟ್ಯಾಂಡು, ಸೆಂಟರ್ ಸ್ಟ್ಯಾಂಡು. ಅವು ಎಷ್ಟು ಡಿಗ್ರಿಗೆ ನೆಲ ಮುಟ್ಟುತ್ತವೆ ಎಂಬುದನ್ನು ಹಾರ್ಲೆ-ಡೇವಿಡ್‌ಸನ್ ತನ್ನ ಬೈಕುಗಳಿಗೆ ಎಡ ಬಲ ಎರಡೂ ಕಡೆಗೆ ಬೇರೆಬೇರೆಯಾಗಿ ಪ್ರಕಟಿಸುತ್ತದೆ. ದಿನನಿತ್ಯ ಓಡಾಡುವ 100–125 ಸಿಸಿ ಬೈಕುಗಳ ಕೈಪಿಡಿಯಲ್ಲಿ ಆ ಅಂಕಿ ಸಾಮಾನ್ಯವಾಗಿ ಇರುವುದಿಲ್ಲ. ಹಿಂದೆ ಒಬ್ಬರು ಕುಳಿತು ಸಸ್ಪೆನ್ಷನ್ ಕುಸಿದಾಗ ಅದು ಎಷ್ಟು ಕಡಿಮೆಯಾಗುತ್ತದೆಂಬುದಂತೂ ಇಲ್ಲವೇ ಇಲ್ಲ.