ಘಟಿಕೋತ್ಸವದಲ್ಲಿ ನೆಲದ ನೆನಪು: ಗೌನ್ ಬದಲಾಯಿತು, ಗಿಂಡಿ ಕಾಡಿನ ಮಾತೇನು?

ಮಕ್ಕಳ ಪದವಿ ಪ್ರದಾನ ನೋಡಲು ಟೊರಾಂಟೊಗೋ ಮೆಲ್ಬರ್ನ್‌ಗೋ ಹೋಗಿಬಂದ ಕನ್ನಡಿಗರು ಒಂದು ಸಂಗತಿ ಗಮನಿಸಿರಬಹುದು. ವಿಶ್ವವಿದ್ಯಾಲಯ ಯಾವ ಮೂಲನಿವಾಸಿಗಳ ನೆಲದ ಮೇಲಿದೆ ಎಂಬುದನ್ನು ಅಲ್ಲಿ ವೇದಿಕೆಯಿಂದಲೇ ಸ್ಮರಿಸುವ ರೂಢಿಯಿದೆ. ಟೊರಾಂಟೊ ವಿಶ್ವವಿದ್ಯಾಲಯದ ಹೇಳಿಕೆಯಲ್ಲಿ ಹ್ಯೂರಾನ್-ವೆಂಡಾಟ್, ಸೆನೆಕಾ, ಮಿಸಿಸಾಗಾ ಜನರ ಹೆಸರುಗಳಿವೆ.

ನಮ್ಮಲ್ಲಿ ಚರ್ಚೆ ನಡೆದದ್ದು ಬಟ್ಟೆಯ ಸುತ್ತ. 2010ರಲ್ಲಿ ಭೋಪಾಲ್‌ನ ಅರಣ್ಯ ನಿರ್ವಹಣಾ ಸಂಸ್ಥೆಯ ಘಟಿಕೋತ್ಸವದಲ್ಲಿ ಅಂದಿನ ಪರಿಸರ ಸಚಿವ, ಚಿಕ್ಕಮಗಳೂರಿನಲ್ಲಿ ಹುಟ್ಟಿದ ಜೈರಾಂ ರಮೇಶ್, ಇದು ವಸಾಹತು ಕಾಲದ ಪಳೆಯುಳಿಕೆ ಎಂದು ಗೌನ್ ಕಳಚಿಟ್ಟಿದ್ದರು. 2015ರಲ್ಲಿ ಮತ್ತು 2019ರಲ್ಲಿ ಯುಜಿಸಿ ಕೈಮಗ್ಗದ ಉಡುಪು ಬಳಸುವಂತೆ ವಿಶ್ವವಿದ್ಯಾಲಯಗಳಿಗೆ ಸೂಚಿಸಿತು. ನೇಕಾರರಿಗೆ ಕೆಲಸ, ಮಗ್ಗಕ್ಕೆ ವಿದ್ಯುತ್ ಬೇಡ. ಚೆನ್ನೈನ ಸೆಖೆಯಲ್ಲಂತೂ ಕಪ್ಪು ಗೌನ್‌ಗಿಂತ ಹತ್ತಿಬಟ್ಟೆಯೇ ವಾಸಿ!

ಆದರೆ ನೆಲ? ಚೆನ್ನೈನ ಐಐಟಿ ಮದ್ರಾಸ್‌ನ್ನೇ ನೋಡಿ. ಸಂಸ್ಥೆ ಶುರುವಾದದ್ದು 1959ರಲ್ಲಿ. ಅದರ ಹಿಂದಿನ ವರ್ಷ ಗಿಂಡಿ ಕಾಡಿನ ಸುಮಾರು 170 ಹೆಕ್ಟೇರ್ ಜಾಗವನ್ನು ಅದಕ್ಕಾಗಿ ಕೇಂದ್ರ ಶಿಕ್ಷಣ ಸಚಿವಾಲಯಕ್ಕೆ ವರ್ಗಾಯಿಸಲಾಗಿತ್ತು. ಪಕ್ಕದಲ್ಲಿ ಉಳಿದ ಕಾಡು, ಸುಮಾರು 2.7 ಚದರ ಕಿ.ಮೀ., 1978ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಕ್ಯಾಂಪಸ್‌ನಲ್ಲಿ ಇಂದಿಗೂ ಜಿಂಕೆ, ಕೃಷ್ಣಮೃಗಗಳಿವೆ.

ಚೆನ್ನೈ ಸುತ್ತಲಿನ ಚೆಂಗಲ್ಪಟ್ಟು, ಕಾಂಚೀಪುರಂ, ತಿರುವಳ್ಳೂರು ಜಿಲ್ಲೆಗಳಲ್ಲಿ ಇರುಳರು ವಾಸಿಸುತ್ತಾರೆ. ನಮ್ಮ ರಾಮನಗರದಲ್ಲಿ ಇವರನ್ನು ಇರುಳಿಗರು ಎನ್ನುತ್ತೇವೆ. ಹಾವು ಹಿಡಿಯುವುದರಲ್ಲಿ ಎತ್ತಿದ ಕೈ. 1972ರ ವನ್ಯಜೀವಿ ಕಾಯ್ದೆಯ ಬಳಿಕ ಹಾವಿನ ಚರ್ಮದ ವ್ಯಾಪಾರ ನಿಂತು ಬದುಕು ಕಷ್ಟವಾದಾಗ, 1978ರಲ್ಲಿ ಇರುಳರ ಸಹಕಾರ ಸಂಘ ಹುಟ್ಟಿತು. ಸದಸ್ಯರು ಹಾವು ಹಿಡಿದು, ವಿಷ ತೆಗೆದು, ಮತ್ತೆ ಕಾಡಿಗೆ ಬಿಡುತ್ತಾರೆ. ಹಾವು ಕಡಿತದ ಔಷಧಿ ತಯಾರಾಗುವುದು ಆ ವಿಷದಿಂದಲೇ. ಸುಸ್ಥಿರತೆಗೆ ಇದಕ್ಕಿಂತ ಒಳ್ಳೆಯ ಪಾಠ ಪಠ್ಯಪುಸ್ತಕದಲ್ಲಿ ಸಿಗುವುದು ಕಷ್ಟ. 2023ರಲ್ಲಿ ಇರುಳರಾದ ವಡಿವೇಲ್ ಗೋಪಾಲ್ ಮತ್ತು ಮಾಸಿ ಸಡೈಯನ್ ಅವರಿಗೆ ಪದ್ಮಶ್ರೀ ಬಂತು.

ಹಾಗೆಂದು ಕೆನಡಾದ ಹೇಳಿಕೆಯನ್ನು ಇಲ್ಲಿ ನಕಲು ಮಾಡುವಂತಿಲ್ಲ. ಮೂಲನಿವಾಸಿಗಳ ಹಕ್ಕುಗಳ ಕುರಿತ 2007ರ ವಿಶ್ವಸಂಸ್ಥೆ ಘೋಷಣೆಗೆ ಭಾರತ ಮತ ಹಾಕಿದರೂ, ದೇಶದ ಎಲ್ಲರೂ ಮೂಲನಿವಾಸಿಗಳೇ ಎಂಬುದು ಸರ್ಕಾರದ ನಿಲುವು. ಕಾನೂನಿನಲ್ಲಿರುವುದು ಪರಿಶಿಷ್ಟ ಪಂಗಡ ಎಂಬ ಪದ. ಗಿಂಡಿಯ ಕಾಡನ್ನು ಹೆಸರಿಡಿದು ನೆನೆಯಲು ಮಾತ್ರ ಯಾವ ಕಾನೂನಿನ ಅಡ್ಡಿಯೂ ಇಲ್ಲ.

ವಿದೇಶಗಳಲ್ಲೂ ಈ ಸ್ಮರಣೆ ಬರೀ ಬಾಯಿಮಾತು ಎಂಬ ಟೀಕೆಯಿದೆ. ಇರುಳರ ಮಟ್ಟಿಗೆ ಆ ಟೀಕೆ ಇನ್ನೂ ಹರಿತ. ಘಟಿಕೋತ್ಸವದ ವೇದಿಕೆ ಹತ್ತುವ ಎಷ್ಟೋ ಮೊದಲೇ ಅವರ ಮಕ್ಕಳು ಪಂಗಡದ ಪ್ರಮಾಣಪತ್ರಕ್ಕಾಗಿ ಕಚೇರಿಯ ಮೆಟ್ಟಿಲು ಹತ್ತಬೇಕು.